ತಾಗಿದರೆ ಉರಿಯುವ ಎಣ್ಣೆ

ಪೂನಾ
೨೨ ಫೆಬ್ರವರಿ ೧೯೬೪

ಪ್ರೀತಿಯ ಅಪ್ಪನಿಗೆ ಮಗಳು ಪ್ರೇಮಾವತಿಯ ನಮಸ್ಕಾರ.

ಆಲೆಟ್ಟಿಯಲ್ಲಿ ಎಲ್ಲರೂ ಸುಖವಾಗಿದ್ದೀರಿ, ಅಮ್ಮನ ಮಂಡಿನೋವು ಕಡಿಮೆಯಾಗಿದೆ, ನೀವು ಈ ವಾರ ಯಾರ ಮೇಲೂ ಹಾರಾಡಿಲ್ಲ ಎಂದು ನಂಬಿಕೊಂಡು ಈ ಪತ್ರ ಬರೆಯುತ್ತಿದ್ದೇನೆ. ಕೊನೆಯದು ನಿಜವಾಗಿರಲಿಕ್ಕಿಲ್ಲ ಎಂದು ಗೊತ್ತು.

ಓದಿಸಿ ಪೂನಾಕ್ಕೆ ಕಳಿಸಿದ ಮಗಳು ಅಲ್ಲಿ ಮಾಡುವುದಾದರೂ ಏನು ಎಂದು ಊರವರು ಕೇಳುತ್ತಾರೆ, ಏನು ಹೇಳಲಿ ಎಂದು ಬರೆದಿದ್ದಿರಿ. ಬೆಂಕಿಪೆಟ್ಟಿಗೆ ಇಲ್ಲದೆ ಬೆಂಕಿ ಹಚ್ಚುತ್ತಾಳೆ ಎಂದು ಹೇಳಿ. ತಮಾಷೆಯಲ್ಲ, ಅದೇ ನನ್ನ ಕೆಲಸ. ಪ್ರಯೋಗಾಲಯದ ಎಲ್ಲ ಸಂಗತಿ ಬರೆಯುವ ಹಾಗಿಲ್ಲ, ಬರೆಯಬಹುದಾದಷ್ಟು ಬರೆಯುತ್ತೇನೆ. ಕಳೆದ ನವೆಂಬರಿನಲ್ಲಿ ಕೇರಳದ ಕಡಲ ದಂಡೆಯಿಂದ ರಾಕೆಟ್ಟು ಹಾರಿದ ಸುದ್ದಿ ಪೇಪರಿನಲ್ಲಿ ಓದಿದ್ದೀರಲ್ಲ, ಅದರ ಒಳಗಿದ್ದದ್ದು ಗಟ್ಟಿ ಮದ್ದು, ನಮ್ಮ ಜಾತ್ರೆಯಲ್ಲಿ ಸಿಡಿಸುವ ಕದಿನದ ಮದ್ದಿನ ಹಾಗೆ. ನಾವು ನೋಡುತ್ತಿರುವುದು ದ್ರವದ ಇಂಧನ. ರಾಕೆಟ್ಟಿನ ಹೊಟ್ಟೆಯಲ್ಲಿ ಎರಡು ಬೇರೆ ಬೇರೆ ತೊಟ್ಟಿ ಇರುತ್ತವೆ. ಒಂದರಲ್ಲಿ ಎಣ್ಣೆಯಂಥ ಇಂಧನ, ಇನ್ನೊಂದರಲ್ಲಿ ಮುಚ್ಚಳ ತೆಗೆದರೆ ಕೆಂಪು ಹೊಗೆ ಕಾರುವ ನೈಟ್ರಿಕ್ ಆಮ್ಲ. ದೂರ ಇಟ್ಟಷ್ಟು ಹೊತ್ತು ಎರಡೂ ತೆಪ್ಪಗಿರುತ್ತವೆ. ಒಂದಕ್ಕೊಂದು ತಾಗಿದರೆ ಸಾಕು, ಭಗ್ಗನೆ ಉರಿಯುತ್ತವೆ. ಕಡ್ಡಿ ಬೇಡ, ಕಿಡಿ ಬೇಡ. ಇಂಥ ಜೋಡಿಗೆ ಹೈಪರ್ಗಾಲಿಕ್ ಎಂದು ಹೆಸರು. ಯುದ್ಧದ ಕಾಲದಲ್ಲಿ ಜರ್ಮನಿಯವರು ಕಟ್ಟಿದ ಮಾತಂತೆ.

ಹೊರದೇಶದಿಂದ ಬರುವ ಇಂಧನಗಳಿಗೆ ತಿಂಗಳುಗಟ್ಟಲೆ ಕಾಯಬೇಕು. ಅದಕ್ಕೆ ನಮ್ಮ ಸಾಹೇಬರು, ನಿಮ್ಮ ನಿಮ್ಮ ಊರಿನಲ್ಲಿ ಮುಂಗೋಪದ ಎಣ್ಣೆ ಯಾವುದಾದರೂ ಇದ್ದರೆ ತರಿಸಿ, ಪರೀಕ್ಷೆ ಮಾಡೋಣ ಎಂದಿದ್ದಾರೆ. ಒಬ್ಬ ನೀಲಗಿರಿ ಎಣ್ಣೆ ತಂದ, ಇನ್ನೊಬ್ಬ ಟರ್ಪೆಂಟೈನ್ ತಂದ. ನನಗೆ ನೆನಪಾದದ್ದು ಗೇರುಬೀಜದ ಸಿಪ್ಪೆಯ ಎಣ್ಣೆ. ಮುಟ್ಟಿದರೆ ಚರ್ಮ ಸುಡುವ, ಬೀಜ ಹುರಿಯುವ ಬಾಣಲೆಯಿಂದ ಬುಸ್ಸೆಂದು ಬೆಂಕಿಯಾಗಿ ಏಳುವ ಆ ಕಪ್ಪು ಎಣ್ಣೆ. ಒಂದು ಬಾಟಲಿ ಸಾಕು. ಸುಳ್ಯದಲ್ಲಿ ಬೀಜ ಹುರಿಯುವ ಶೆಡ್ಡು ಯಾರದ್ದೆಂದು ನಿಮಗೂ ಗೊತ್ತು, ನನಗೂ ಗೊತ್ತು.

ಹೇಳಿಯೇಬಿಡುತ್ತೇನೆ. ಮಮ್ಮು ಕಾಕನ ಮಗಳು ಪಾತು ನನಗೆ ಪತ್ರ ಬರೆದಿದ್ದಾಳೆ. ಮೇ ಮೂರಕ್ಕೆ ಅವಳ ಮದುವೆ. ಗಂಡು ಕಡಬದವನು, ಹಳ್ಳಿಗಳಿಗೆ ಜೀಪು ಓಡಿಸುತ್ತಾನಂತೆ. ಸೀರೆಯ ವಿಷಯ, ಜೀಪಿನ ವಿಷಯ ಎಲ್ಲ ಬರೆದು ಕೊನೆಗೆ, ನಿನ್ನ ಅಪ್ಪ ಬರುತ್ತಾರಾ ಎಂದು ಕೇಳಿದ್ದಾಳೆ. ನೀವು ಮತ್ತು ಕಾಕ ಮಾತು ಬಿಟ್ಟು ನಾಲ್ಕು ವರ್ಷವಾಯಿತು. ಅವಳ ಅಕ್ಕನ ಮದುವೆಯ ದಿನ ಏನೋ ಆಯಿತು ಎಂಬುದಷ್ಟೇ ನನಗೆ ಗೊತ್ತು. ಆಗ ನಾನು ಪರೀಕ್ಷೆಗೆಂದು ಮಂಗಳೂರಿನ ಹಾಸ್ಟೆಲಿನಲ್ಲಿದ್ದೆ. ಅವಳಿಗೆ ಏನು ಉತ್ತರ ಬರೆಯಲಿ?

ನಿಮ್ಮ
ಪ್ರೇಮಾ


ಆಲೆಟ್ಟಿ
೩ ಮಾರ್ಚ್ ೧೯೬೪

ಮಗಳು ಪ್ರೇಮಾವತಿಗೆ ಅಪ್ಪ ಬೆಳ್ಯಪ್ಪನ ಆಶೀರ್ವಾದ.

ನಿನ್ನ ಪತ್ರದ ಮೊದಲ ಪುಟ ಓದಿ ಎದೆಯುಬ್ಬಿತು. ಎರಡನೆಯ ಪುಟ ಓದಿ ಸಿಟ್ಟು ಬಂತು. ಒಂದೇ ಪತ್ರದಲ್ಲಿ ಎರಡನ್ನೂ ಹಾಕಬೇಡ, ವಯಸ್ಸಾದವರಿಗೆ ಆಗುವುದಿಲ್ಲ.

ಹೈಪರ್ಗಾಲಿಕ್ ಎಂಬುದನ್ನು ನಾನು ಗಟ್ಟಿಯಾಗಿ ಓದಿದೆ. ಗೋಳಿಬಜೆಗೆ ದೂರದ ನೆಂಟನ ಹಾಗೆ ಕೇಳುತ್ತದೆ. ನಿನ್ನ ಅಮ್ಮ ಸೇವಂತಿ ಒಲೆಯ ಹತ್ತಿರದಿಂದಲೇ, ತಾಗಿದರೆ ಉರಿಯುವುದಕ್ಕೆ ತಾಗುರಿ ಎಂದರೆ ಸಾಲದೇ ಎಂದಳು. ಈ ಮನೆಯಲ್ಲಿ ಇನ್ನು ಅದು ತಾಗುರಿಯೇ, ಜರ್ಮನಿಯವರಿಗೆ ತಿಳಿಸಿಬಿಡು. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ತಾಗುರಿ ನೋಡಲು ಪೂನಾದವರೆಗೆ ಹೋಗಬೇಕಿರಲಿಲ್ಲ, ಈ ಮನೆಯ ಜಗಲಿಯಲ್ಲೇ ಒಂದು ಕೂತಿದೆ ಎಂದೂ ಸೇರಿಸಿದಳು.

ಮಮ್ಮುವಿನ ವಿಷಯ ಕೇಳಿದ್ದೀಯ. ಹೇಳುತ್ತೇನೆ, ಕೇಳಿದ ಮೇಲೆ ಇನ್ನೊಮ್ಮೆ ಕೇಳಬೇಡ.

ಅವನ ಮನೆಗೂ ನಮ್ಮ ಹಳೆಯ ಮನೆಗೂ ನಡುವೆ ಇದ್ದದ್ದು ಒಂದು ತೋಡು. ಶಾಲೆ ತಪ್ಪಿಸಿದ್ದು ಒಟ್ಟಿಗೆ, ಪೆಟ್ಟು ತಿಂದದ್ದು ಒಟ್ಟಿಗೆ. ಅವನ ಉಮ್ಮ ಅಕ್ಕಿಯ ಪತ್ತಿರಿ ಸುಟ್ಟು ಕೋಳಿಸಾರಿಗೆ ಅದ್ದಿ ನಮ್ಮಿಬ್ಬರ ಬಾಯಿಗೂ ಇಡುತ್ತಿದ್ದಳು. ಮನೆಗೆ ಬಂದರೆ ನನ್ನ ಅಮ್ಮ ಏನೂ ಕೇಳದೆ ತಲೆಗೆ ಒಂದು ಕೊಡ ನೀರು ಹೊಯ್ದು ಒಳಗೆ ಬಿಡುತ್ತಿದ್ದಳು. ದಿನಾ ಸ್ನಾನ ಮಾಡುವ ಹುಡುಗ ಎಂದು ಊರಿನಲ್ಲಿ ನನಗೆ ಒಳ್ಳೆಯ ಹೆಸರಿತ್ತು.

ಇಂಥವನ ದೊಡ್ಡ ಮಗಳ ಮದುವೆಗೆ ನಾನು ಹೊಸ ಅಂಗಿ ಹಾಕಿಕೊಂಡು ಹೋದೆ. ಬಾಗಿಲಿನಲ್ಲಿ ಅವನು ನನ್ನ ಕೈ ಹಿಡಿದ. ಮನೆಯೊಳಗೆ ಕರೆದುಕೊಂಡು ಹೋಗುತ್ತಾನೆ ಎಂದುಕೊಂಡೆ. ಕರೆದುಕೊಂಡು ಹೋದದ್ದು ಅಂಗಳದ ಆಚೆಯ ಚಪ್ಪರಕ್ಕೆ. ಅಲ್ಲಿ ಪುತ್ತೂರಿನಿಂದ ತರಿಸಿದ ಭಟ್ಟರು ಹಿಂದೂಗಳಿಗೆಂದು ಬೇರೆ ಅಡಿಗೆ ಮಾಡಿದ್ದರು. ಸಾಲಾಗಿ ಬಾಳೆಎಲೆ. ನನ್ನ ಎಡಕ್ಕೆ ನಮ್ಮ ಊರಗೌಡರು ತೀರ್ಥರಾಮಣ್ಣ, ನಮ್ಮವರ ಒಂದು ಮದುವೆಯೂ ಅವರ ಒಪ್ಪಿಗೆಯ ವೀಳ್ಯ ಇಲ್ಲದೆ ನಡೆಯುವುದಿಲ್ಲ ಎಂದು ನಿನಗೆ ಗೊತ್ತಲ್ಲ. ಮಮ್ಮು ನನ್ನನ್ನು ಅಲ್ಲಿ ಕೂರಿಸಿ, ಇವರಿಗೆ ಯಾವ ಕೊರತೆಯೂ ಆಗಬಾರದು ಎಂದು ಭಟ್ಟರಿಗೆ ಹೇಳಿ ಹೋದ. ಇವರಂತೆ. ಎಲೆಗೆ ಉಪ್ಪು ಬಿತ್ತು. ಹಪ್ಪಳ ಬರುವ ಮೊದಲೇ ನಾನು ಎದ್ದು ಮನೆಗೆ ಬಂದೆ.

ಅವನ ಎಣ್ಣೆ ನನಗೆ ಬೇಡ. ನಮ್ಮ ಗುಡ್ಡೆಯಲ್ಲೂ ಗೇರುಮರ ಉಂಟು. ನಾನು ಮತ್ತು ನಿನ್ನ ಅಮ್ಮ ಹಸಿ ಸಿಪ್ಪೆಯನ್ನು ಅಡಕತ್ತರಿಯಲ್ಲಿ ಸೀಳಿ, ಹಿಂಡಿ, ನಾವೇ ಎಣ್ಣೆ ತೆಗೆದಿದ್ದೇವೆ. ಎರಡೂ ಕೈ ಬೊಬ್ಬೆ ಎದ್ದಿದೆ, ಪೆನ್ನು ಹಿಡಿಯಲು ಕಷ್ಟ. ಪುತ್ತೂರಿನ ಮದ್ದಿನ ಅಂಗಡಿಯಿಂದ ಗಾಜಿನ ಬಿರಡೆಯ ಬಾಟಲಿ ತಂದು ತುಂಬಿಸಿದ್ದೇನೆ. ಕೆದಂಬಾಡಿಯ ಕುಶಾಲಪ್ಪ ಮಿಲಿಟರಿಯಿಂದ ರಜೆಯಲ್ಲಿ ಬಂದಿದ್ದಾನೆ. ವಾಪಸು ಪೂನಾಕ್ಕೆ ಬರುವಾಗ ತಂದುಕೊಡುತ್ತಾನೆ.

ಪಾತುವಿಗೆ ಬೇಕಾದ್ದು ಬರೆ. ಅವಳು ಒಳ್ಳೆಯ ಹುಡುಗಿ, ಅವಳ ಮೇಲೆ ನನಗೆ ಏನೂ ಇಲ್ಲ. ಆದರೆ ಒಳಗಿನವನನ್ನು ಹೊರಗೆ ಕೂರಿಸಿದ ಮನೆಗೆ ನಾನು ಹೋಗುವುದಿಲ್ಲ.

ನಿನ್ನ ಅಪ್ಪ
ಬೆಳ್ಯಪ್ಪ


ಸುಳ್ಯ
೧೫ ಮಾರ್ಚ್ ೧೯೬೪

ಪ್ರೇಮಾವತಿಗೆ ಮಮ್ಮು ಕಾಕ ಬರೆಯುವುದು.

ನನ್ನದು ಅಂಗಡಿಯ ಕನ್ನಡ, ತಪ್ಪಿದ್ದರೆ ಸರಿ ಮಾಡಿ ಓದಿಕೋ. ನಿನಗೆ ಬೀಜದ ಎಣ್ಣೆ ಬೇಕು ಎಂಬುದು ನನಗೆ ಗೊತ್ತಾಯಿತು. ಹೇಗೆ ಎಂದರೆ, ನಿನ್ನ ಅಮ್ಮ ನಮ್ಮ ಪಾತುವಿನ ಉಮ್ಮ ರುಖಿಯಮ್ಮನಿಗೆ ಸಂತೆಯಲ್ಲಿ ಹೇಳಿದರು. ಅವರಿಬ್ಬರು ಒಂದು ವಾರವೂ ಮಾತು ಬಿಟ್ಟವರಲ್ಲ. ಗಂಡಸರ ಜಗಳ ಹೆಂಗಸರಿಗೆ ಯಾಕೆ ಎಂದು ಅವರ ಲೆಕ್ಕ.

ನಿನ್ನ ಅಪ್ಪ ಹಸಿ ಸಿಪ್ಪೆಯನ್ನು ಅಡಕತ್ತರಿಯಲ್ಲಿ ಸೀಳಿ ಹಿಂಡಿದನಂತೆ. ಕೇಳಿ ನಾನು ನಗಲೋ ಅಳಲೋ ಎಂದು ತಿಳಿಯದೆ ಕೂತೆ. ಹಸಿ ಎಣ್ಣೆ ಗೆದ್ದಲು ಹಿಡಿದ ಛಾವಣಿಯ ಪಕ್ಕಾಸಿಗೆ ಬಳಿಯಲು ಸರಿ, ರಾಕೆಟ್ಟಿಗೆ ಹೇಗೆ ಆಗುತ್ತದೆ? ಹುರಿಯುವಾಗ ಬಾಣಲೆಯಲ್ಲಿ ಬಿಡುವ ಎಣ್ಣೆಯೇ ಎಣ್ಣೆ. ನಾನು ಅದನ್ನು ಬಟ್ಟೆಯಲ್ಲಿ ಸೋಸಿ ಒಂದು ಡಬ್ಬಿ ತುಂಬಿಸಿ ಕುಶಾಲಪ್ಪನ ಕೈಯಲ್ಲೇ ಕೊಟ್ಟಿದ್ದೇನೆ. ಅಪ್ಪನಿಗೆ ಹೇಳಬೇಡ ಎಂದು ಅವನಿಂದ ಮಾತು ತೆಗೆದುಕೊಂಡಿದ್ದೇನೆ. ಅವನು ಯಾಕೋ ತುಂಬಾ ಹೊತ್ತು ನನ್ನ ಮುಖ ನೋಡಿದ.

ಬೊಬ್ಬೆಗೆ ಹಚ್ಚಲು ರುಖಿಯಮ್ಮ ತೆಂಗಿನೆಣ್ಣೆ ಕಾಯಿಸಿ ಕಳಿಸಿದ್ದಾಳೆ. ನಿನ್ನ ಅಮ್ಮ ಅದನ್ನು ತಾನೇ ಮಾಡಿದ್ದು ಎಂದು ಹೇಳಿ ಹಚ್ಚುತ್ತಿದ್ದಾರಂತೆ. ನೀನೂ ಬಾಯಿಬಿಡಬೇಡ.

ಒಂದು ಮಾತು ಬರೆಯದೆ ಆಗುವುದಿಲ್ಲ. ನನ್ನ ದೊಡ್ಡ ಮಗಳ ಮದುವೆಗೆ ನಾನು ಪುತ್ತೂರಿನಿಂದ ಭಟ್ಟರನ್ನು ತರಿಸಿದ್ದು ಅವನಿಗಾಗಿ. ಯಾಕೆ ಎಂಬುದು ನಿನಗೆ ಬರೆಯುವಂಥ ವಿಷಯ ಅಲ್ಲ. ಅವನು ಉಪ್ಪು ಬಡಿಸಿದ ಎಲೆಯ ಮುಂದಿನಿಂದ ಎದ್ದು ಹೋದ. ಹೆಣ್ಣಿನ ಮದುವೆಯ ದಿನ. ಬೀಗರ ಎದುರು. ಆ ಎಲೆಯನ್ನು ನಾನೇ ಮಡಚಿ ತೆಗೆದೆ. ಅವನು ಒಂದು ಮಾತು ಬೈದು ಹೋಗಿದ್ದರೂ ನನಗೆ ಸಮಾಧಾನ ಇರುತ್ತಿತ್ತು.

ಪಾತುವಿನ ಮದುವೆಯ ಕಾಗದ ಅವನಿಗೆ ಕಳಿಸುತ್ತೇನೆ. ಬಾ ಎಂದು ಬಾಯಿಬಿಟ್ಟು ಕೇಳಲು ಹೋಗುವುದಿಲ್ಲ. ನೀನು ರಾಕೆಟ್ಟಿನ ಹತ್ತಿರ ಜಾಗ್ರತೆಯಾಗಿ ಇರು.

ಇಂತು
ಮಮ್ಮು


ಪೂನಾ
೫ ಏಪ್ರಿಲ್ ೧೯೬೪

ಅಪ್ಪನಿಗೂ ಮಮ್ಮು ಕಾಕನಿಗೂ ಪ್ರೇಮಾವತಿಯ ನಮಸ್ಕಾರ.

ಈ ಪತ್ರವನ್ನು ಎರಡು ಸಲ ಬರೆದು ಇಬ್ಬರಿಗೂ ಕಳಿಸುತ್ತಿದ್ದೇನೆ. ಒಂದಕ್ಷರ ಹೆಚ್ಚುಕಮ್ಮಿ ಇಲ್ಲ. ಯಾರಿಗೆ ಏನು ಬರೆದಿದ್ದಾಳೆ ಎಂದು ಇಬ್ಬರೂ ತಲೆಕೆಡಿಸಿಕೊಳ್ಳುವುದು ಬೇಡ.

ಕುಶಾಲಪ್ಪಣ್ಣ ನಮ್ಮ ಹಾಸ್ಟೆಲಿನ ಗೇಟಿಗೆ ಬಂದು ಬಾಟಲಿಯನ್ನೂ ಡಬ್ಬಿಯನ್ನೂ ಇಟ್ಟು ಮುಖ ಒರೆಸಿಕೊಂಡರು. ದಾರಿಯುದ್ದಕ್ಕೂ ಎರಡನ್ನೂ ತೊಡೆಯ ಮೇಲೆ ಇಟ್ಟುಕೊಂಡೇ ಬಂದರಂತೆ. ಒಂದರ ಸುದ್ದಿ ಇನ್ನೊಬ್ಬರಿಗೆ ಹೇಳುವುದಿಲ್ಲ ಎಂದು ಎರಡು ಕಡೆ ಮಾತು ಕೊಟ್ಟು, ಗಡಿ ಕಾಯುವುದೇ ಸುಲಭ ಅನ್ನಿಸಿತು ಎಂದರು. ಅವರ ಮೇಲೆ ಯಾರೂ ಸಿಟ್ಟಾಗಬೇಡಿ. ಗುಟ್ಟು ಒಡೆಯುತ್ತಿರುವುದು ನಾನು. ಅಪ್ಪ, ಕಾಕನೂ ಎಣ್ಣೆ ಕಳಿಸಿದ್ದಾರೆ. ನಿಮ್ಮ ಬೊಬ್ಬೆ ವಾಸಿಯಾದದ್ದು ರುಖಿಯಮ್ಮ ಕಾಯಿಸಿದ ಎಣ್ಣೆಯಿಂದ. ಕಾಕ, ಅಪ್ಪ ಎದ್ದು ಹೋದದ್ದು ನಿಮ್ಮ ಮಗಳ ಮೇಲಿನ ಸಿಟ್ಟಿನಿಂದ ಅಲ್ಲ, ನಿಮ್ಮ ಉಮ್ಮನ ಅಡಿಗೆಮನೆಯಲ್ಲಿ ಉಂಡವನನ್ನು ಚಪ್ಪರದಲ್ಲಿ ಕೂರಿಸಿದಿರಿ ಎಂಬ ನೋವಿನಿಂದ.

ಈಗ ಪರೀಕ್ಷೆಯ ಸಂಗತಿ. ದಪ್ಪ ಗಾಜಿನ ಹಿಂದೆ ನಾವೆಲ್ಲ ನಿಂತಿದ್ದೆವು. ಮೊದಲು ಕಾಕನ ಎಣ್ಣೆ. ತೊಟ್ಟು ಆಮ್ಲಕ್ಕೆ ತಾಗಿದ್ದೇ ತಡ, ಉರಿಯೆದ್ದಿತು. ನಗುವ ಅಭ್ಯಾಸವೇ ಇಲ್ಲದ ಸಾಹೇಬರು ಇನ್ನೊಮ್ಮೆ, ಇನ್ನೊಮ್ಮೆ ಎಂದು ಚಿಕ್ಕ ಮಕ್ಕಳ ಹಾಗೆ ಮಾಡಿಸಿದರು. ನನಗೆ ಕುಣಿಯಬೇಕು ಅನ್ನಿಸಿತು. ಸುಳ್ಯದ ಎಣ್ಣೆ ಪೂನಾದಲ್ಲಿ ಭಗ್ಗೆಂದಿತ್ತು.

ಆಮೇಲೆ ಅಪ್ಪನ ಎಣ್ಣೆ. ತೊಟ್ಟು ಬಿತ್ತು. ಏನೂ ಆಗಲಿಲ್ಲ. ಇನ್ನೊಂದು ಬಿತ್ತು, ಬರೀ ಹೊಗೆ. ಮತ್ತೂ ಸ್ವಲ್ಪ ಹಾಕಿದೆವು. ಇದು ಉರಿಯುವ ಜಾತಿಯದ್ದಲ್ಲ ಎಂದು ಸಾಹೇಬರು ಆಚೆ ತಿರುಗಿದರು. ಆಗ ಹೊಡೆಯಿತು ನೋಡಿ. ಬಟ್ಟಲು ಚೂರುಚೂರು, ಗಾಜಿನ ತುಂಬ ಮಸಿ. ಯಾರಿಗೂ ಪೆಟ್ಟಾಗಲಿಲ್ಲ, ಹೆದರಬೇಡಿ. ಸಾಹೇಬರು ಕನ್ನಡಕ ಒರೆಸಿಕೊಂಡು, ಈ ಕೆಲಸದಲ್ಲಿ ಹೆದರಬೇಕಾದದ್ದು ಇದಕ್ಕೇ ಎಂದರು. ತಾಗಿದ ಕೂಡಲೇ ಉರಿಯುವ ಇಂಧನ ಬಂದಷ್ಟೂ ಆಗಿಂದಾಗಲೇ ಉರಿದು ರಾಕೆಟ್ಟನ್ನು ಮೇಲೆ ತಳ್ಳುತ್ತದೆ. ತಾಗಿಯೂ ಸುಮ್ಮನಿರುವುದು ಒಳಗೊಳಗೇ ತುಂಬುತ್ತಾ ಹೋಗುತ್ತದೆ. ಕೊನೆಗೆ ಎಲ್ಲ ಒಟ್ಟಿಗೆ ಹತ್ತಿಕೊಂಡರೆ ರಾಕೆಟ್ಟೇ ಉಳಿಯುವುದಿಲ್ಲ. ಮುಂಗೋಪದ ಎಣ್ಣೆ ನಮಗೆ ಬೇಕು, ಮನಸ್ಸಿನಲ್ಲಿ ಇಟ್ಟುಕೊಳ್ಳುವ ಎಣ್ಣೆ ಬೇಡ ಎಂದರು.

ನಾನು ಕೋಣೆಗೆ ಬಂದು ನಿಮ್ಮಿಬ್ಬರ ಪತ್ರಗಳನ್ನು ಮತ್ತೆ ಓದಿದೆ. ಅಪ್ಪ, ಬಸ್ಸು ತಡವಾದರೆ ನೀವು ಕಂಡಕ್ಟರನಿಗೆ ಬೈಯುತ್ತೀರಿ, ಮರುಗಳಿಗೆಯಲ್ಲಿ ಅವನಿಗೇ ವೀಳ್ಯ ಮಡಚಿ ಕೊಡುತ್ತೀರಿ. ನಿಮ್ಮ ಸಿಟ್ಟಿನಿಂದ ಈವರೆಗೆ ಯಾರಿಗೂ ಕೆಟ್ಟದ್ದಾಗಿಲ್ಲ. ಆ ಒಂದು ದಿನ ಮಾತ್ರ ಬೈಯದೆ ಎದ್ದು ಬಂದಿರಿ. ಕಾಕ, ನೀವು ಹಿಂದೆಯೇ ಓಡಿ ಹೋಗಿ ಅವರ ಹೊಸ ಅಂಗಿ ಹಿಡಿದು ಯಾಕೆ ಎಂದು ಕೇಳಲಿಲ್ಲ. ನೀವಿಬ್ಬರು ನನ್ನನ್ನು ಒಂದೊಂದು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವರು. ನನಗೆ ನಿಮ್ಮಿಬ್ಬರ ಮೇಲೂ ಸಿಟ್ಟು ಬಂದಿದೆ, ಅಳುವೂ ಬರುತ್ತಿದೆ. ದಯಮಾಡಿ ಹೋಗಿ ಜಗಳ ಮಾಡಿ.

ನಿಮ್ಮಿಬ್ಬರ ಮಗಳು
ಪ್ರೇಮಾ


ಆಲೆಟ್ಟಿ
೧೬ ಏಪ್ರಿಲ್ ೧೯೬೪

ಪ್ರೇಮಾ, ಅಮ್ಮ ಬರೆಯುತ್ತಿದ್ದೇನೆ. ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ, ನಿನ್ನ ಅಪ್ಪನ ಗಂಟಲು ಕೂತಿದೆ. ಗಂಟಲಿಗೂ ಬರೆಯುವುದಕ್ಕೂ ಏನು ಸಂಬಂಧ ಎಂದು ಕೇಳಿದೆ. ನೀನೇ ಬರೆ ಎಂದು ಸನ್ನೆ ಮಾಡಿ ಮಲಗಿದ್ದಾರೆ.

ನಿನ್ನ ಪತ್ರ ಬಂದ ಮೇಲೆ ಅವರು ಎರಡು ದಿನ ಯಾರಿಗೂ 'ಹೋಗಾಚೆ' ಎನ್ನಲಿಲ್ಲ. ನಾಯಿಗೆ ಕೂಡ ಬೈಯಲಿಲ್ಲ. ನನಗೆ ಹೆದರಿಕೆಯಾಗಲು ಶುರುವಾಯಿತು. ನಿನ್ನೆ, ಬಿಸು ಹಬ್ಬದ ಮರುದಿನ, ಗಂಜಿಯನ್ನೂ ಕುಡಿಯದೆ ಅಂಗಿ ಹಾಕಿಕೊಂಡು ಸುಳ್ಯಕ್ಕೆ ಹೊರಟರು. ನಾನೂ ಹಿಂದೆಯೇ ಹೋದೆ. ಯಾರಾದರೂ ಒಬ್ಬರು ಬುದ್ಧಿಯಿದ್ದವರು ಇರಲಿ ಎಂದು.

ಶೆಡ್ಡಿನಲ್ಲಿ ಬಾಣಲೆ ಉರಿಯುತ್ತಿತ್ತು, ಹೆಂಗಸರು ಬೀಜ ಒಡೆಯುತ್ತಿದ್ದರು. ಮಮ್ಮು ನಿನ್ನ ಪತ್ರವನ್ನು ಕಿಸೆಯಲ್ಲೇ ಇಟ್ಟುಕೊಂಡಿದ್ದ. ಇವರು ಮೆಟ್ಟಿಲು ಹತ್ತಿದ್ದಷ್ಟೇ ನನಗೆ ಗೊತ್ತು. ಆಮೇಲೆ ಇಬ್ಬರ ದನಿಯಲ್ಲಿ ಯಾರದ್ದು ಯಾವುದು ಎಂದು ತಿಳಿಯಲಿಲ್ಲ. ಬೀಜ ಒಡೆಯುವವರು ಕೈ ನಿಲ್ಲಿಸಿದರು. ಕಡಬಕ್ಕೆ ಹೊರಟ ಜೀಪು ರಸ್ತೆಯಲ್ಲೇ ನಿಂತಿತು, ಜನ ಇಳಿದು ಬಂದು ನೋಡಿದರು. ಚಿಕ್ಕಂದಿನಿಂದ ಕೂಡಿಟ್ಟದ್ದೆಲ್ಲ ಹೊರಗೆ ಬಂತು. ಯಾರೋ ಯಾರದ್ದೋ ಗಾಳಿಪಟ ಹರಿದದ್ದೂ ಬಂತು.

ಕೊನೆಗೆ ಇವರು ಹೇಳಿದರು, 'ನಿನ್ನ ಉಮ್ಮ ಬಾಯಿಗೆ ಇಟ್ಟದ್ದನ್ನು ತಿಂದವ ನಾನು. ನನ್ನನ್ನು ಭಟ್ಟರ ಕೈಯಲ್ಲಿ ಒಪ್ಪಿಸಿದಿಯಲ್ಲ, ನಾನು ನಿನಗೆ ಎಂತ, ತಹಶೀಲ್ದಾರನಾ?'

ಮಮ್ಮು ಹೆಗಲ ಬಟ್ಟೆಯಿಂದ ಮುಖ ಒರೆಸಿಕೊಂಡ. ಆಮೇಲೆ ಹೇಳಿದ, 'ಪಕ್ಕದಲ್ಲಿ ಊರಗೌಡರು ಕೂತಿದ್ದರು ಮಾರಾಯ. ನಿನ್ನನ್ನು ನಮ್ಮ ಅಡಿಗೆಮನೆಗೆ ಕರೆದರೆ ನಾಳೆ ಪ್ರೇಮನ ವೀಳ್ಯ ಹಿಡಿಯುದು ಯಾರು? ನನ್ನ ಮಗಳ ಮದುವೆ ಮಾಡಿ ನಿನ್ನ ಮಗಳ ಮದುವೆ ತಪ್ಪಿಸಲಿಕ್ಕೆ ಉಂಟಾ?'

ಪ್ರೇಮಾ, ನಿನ್ನ ಅಪ್ಪ ಅಲ್ಲಿಯೇ ಬೀಜದ ಗೋಣಿಯ ಮೇಲೆ ಕೂತುಬಿಟ್ಟರು. ಇದನ್ನು ಆ ದಿನವೇ ಹೇಳಲು ಏನಾಗಿತ್ತು ಎಂದು ಕೇಳಿದರು. ನೀನು ಕೇಳಿದ್ದರೆ ಹೇಳುತ್ತಿದ್ದೆ ಎಂದ ಅವನು. ಇಬ್ಬರ ಕಣ್ಣಲ್ಲೂ ನೀರಿತ್ತು. ಬಾಣಲೆಯ ಹೊಗೆ ಎಂದು ಇಬ್ಬರೂ ಹೇಳಿಕೊಂಡರು, ನಾನೂ ಹೌದು ಎಂದೆ. ರುಖಿಯಮ್ಮ ಬೆಲ್ಲದ ನೀರು ತಂದಳು. ಅದನ್ನು ಕುಡಿದು ಮುಗಿಸುವ ಮೊದಲೇ, ಹಸಿ ಎಣ್ಣೆ ಮೇಲೋ ಹುರಿದ ಎಣ್ಣೆ ಮೇಲೋ ಎಂದು ಮತ್ತೆ ಹಿಡಿದುಕೊಂಡರು. ನಾಲ್ಕು ವರ್ಷದಿಂದ ನನ್ನ ಕಿವಿಗೆ ಇಷ್ಟು ಸುಖ ಆಗಿರಲಿಲ್ಲ.

ಆದರೆ ಒಂದು ಗಂಟು ಹಾಗೆಯೇ ಉಳಿದಿದೆ. ಪಾತುವಿನ ಮದುವೆಗೆ ಬಂದು ಇವರು ಈ ಸಲವೂ ಚಪ್ಪರದಲ್ಲೇ ಕೂರಬೇಕು, ಪ್ರೇಮನಿಗೆ ಇನ್ನೂ ಗಂಡು ನೋಡಿ ಆಗಿಲ್ಲ ಎಂದು ಮಮ್ಮುವಿನ ಹಟ. ಒಳಗೆ ಊಟ ಹಾಕುವುದಾದರೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಇವರ ಹಟ. ಇಬ್ಬರೂ ನಿನ್ನ ಹೆಸರು ಹೇಳಿಯೇ ಕಚ್ಚಾಡುವುದು. ನೀನೇ ಒಂದು ಮಾತು ಬರೆ.

ಅಮ್ಮ
ಸೇವಂತಿ


ಪೂನಾ
೨೪ ಏಪ್ರಿಲ್ ೧೯೬೪

ಪ್ರೀತಿಯ ಅಪ್ಪನಿಗೆ,

ಅಮ್ಮನ ಪತ್ರ ಓದಿ ನಾನು ಊಟದ ಕೋಣೆಯಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ನಕ್ಕೆ. ಪಕ್ಕದ ಮರಾಠಿ ಹುಡುಗಿಗೆ ಅರ್ಥ ಹೇಳಿದೆ, ಅವಳೂ ನಕ್ಕಳು.

ಮೊದಲು ಎಣ್ಣೆಯ ಸುದ್ದಿ. ಕಾಕನ ಎಣ್ಣೆ ಚೆನ್ನಾಗಿ ಉರಿಯುತ್ತದೆ, ಆದರೆ ಮಸಿ ಬಹಳ. ಆ ಮಸಿ ರಾಕೆಟ್ಟಿನ ಬಾಯಿಯನ್ನು ಕಟ್ಟಿಬಿಡುತ್ತದೆ. ಚಳಿಗೆ ಎಣ್ಣೆ ಬೆಲ್ಲದ ಪಾಕದ ಹಾಗೆ ದಪ್ಪವಾಗುತ್ತದೆ. ಈಗ ಇರುವ ಹಾಗೆ ಇದು ರಾಕೆಟ್ಟಿಗೆ ಆಗುವುದಿಲ್ಲ. ನನಗೆ ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಸಾಹೇಬರು ಬಿಡಬೇಡ ಎಂದಿದ್ದಾರೆ. ತಿಳಿ ಮಾಡುವುದು ಹೇಗೆ, ಮಸಿ ಕಡಿಮೆ ಮಾಡುವುದು ಹೇಗೆ ಎಂದು ನೋಡಲು ನನಗೆ ಒಂದು ಮೇಜನ್ನೇ ಬಿಟ್ಟುಕೊಟ್ಟಿದ್ದಾರೆ. ಅಪ್ಪ, ಇಲ್ಲಿ ನನ್ನ ಜೊತೆ ಸೇರಿದವರಲ್ಲಿ ಸ್ವಂತ ಮೇಜು ಇರುವುದು ನನಗೆ ಮಾತ್ರ. ಅದಕ್ಕೇ ಈಗ ರಜೆ ಕೇಳುವ ಹಾಗಿಲ್ಲ. ಪಾತುವಿನ ಮದುವೆಗೆ ನಾನು ಬರಲಾರೆ. ನನ್ನ ಪಾಲಿನ ಊಟವನ್ನೂ ನೀವೇ ಮಾಡಬೇಕು.

ಎಲ್ಲಿ ಕೂತು ಎಂಬ ಪ್ರಶ್ನೆಗೆ ನನ್ನ ಉತ್ತರ ಇದು. ಮಮ್ಮು ಕಾಕ ನಾಲ್ಕು ವರ್ಷದ ಹಿಂದೆಯೇ ನನ್ನ ಮದುವೆಯ ಚಿಂತೆ ಮಾಡಿ ತನ್ನ ಗೆಳೆಯನನ್ನೇ ಕಳೆದುಕೊಂಡರು. ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಆದರೆ ಆ ಚಿಂತೆ ಇನ್ನು ಬೇಡ. ನೀವು ರುಖಿಯಮ್ಮನ ಅಡಿಗೆಮನೆಯಲ್ಲಿ ಉಂಡಿರಿ ಎಂಬ ಕಾರಣಕ್ಕೆ ನನ್ನನ್ನು ಬೇಡ ಎನ್ನುವ ಗಂಡು ಇದ್ದರೆ, ಅವನು ನನ್ನ ಮನೆಬಾಗಿಲಿಗೆ ಬರುವ ಮೊದಲೇ ಅದು ಅವನಿಗೆ ಗೊತ್ತಾಗಲಿ. ನನಗೂ ಅವನಿಗೂ ಸಮಯ ಉಳಿಯುತ್ತದೆ. ಅಪ್ಪ, ಗಟ್ಟಿಯಾಗಿ ಕೂತು ಊಟ ಮಾಡಿ. ಎಲ್ಲರಿಗೂ ಕಾಣುವ ಹಾಗೆ ಮಾಡಿ.

ನಿಮ್ಮ
ಪ್ರೇಮಾ


ಆಲೆಟ್ಟಿ
೫ ಮೇ ೧೯೬೪

ಸ್ವಂತ ಮೇಜಿನ ಮಗಳು ಪ್ರೇಮಾವತಿಗೆ ಅಪ್ಪನ ಆಶೀರ್ವಾದ.

ಮೇಜಿನ ಸಂಗತಿಯನ್ನು ನಾನು ಸುಳ್ಯ ಪೇಟೆಯಲ್ಲಿ ಕಂಡವರಿಗೆಲ್ಲ ಹೇಳಿದ್ದೇನೆ. ಮಸಿಯ ಸಂಗತಿ ಯಾರಿಗೂ ಹೇಳಿಲ್ಲ. ಮಮ್ಮುವಿಗೆ ಮಾತ್ರ ಹೇಳಿದೆ, ಅವನ ಎಣ್ಣೆಯೂ ಪಾಸಾಗಲಿಲ್ಲ ಎಂದು ತಿಳಿಸುವುದು ನನ್ನ ಕರ್ತವ್ಯವಾಗಿತ್ತು.

ಮದುವೆಗೆ ಹೋದೆ. ನಿನ್ನ ಅಮ್ಮ ಮುಂಚೆಯೇ ಹೋಗಿ ರುಖಿಯಮ್ಮನ ಜೊತೆ ಒಳಗೆ ಸೇರಿಕೊಂಡಿದ್ದಳು. ಅಂಗಳದ ಆಚೆ ಅದೇ ಚಪ್ಪರ, ಪುತ್ತೂರಿನ ಅದೇ ಭಟ್ಟರು, ಸಾಲಾಗಿ ಎಲೆ. ತೀರ್ಥರಾಮಣ್ಣನ ಪಕ್ಕದ ಎಲೆಯನ್ನು ನನಗೆಂದು ಖಾಲಿ ಬಿಟ್ಟಿದ್ದರು. ಮಮ್ಮು ನನ್ನ ಕೈ ಹಿಡಿದು ಆ ಕಡೆ ಎಳೆದ, ನಾನು ಮನೆಯ ಕಡೆ ಎಳೆದೆ. ಬೀಗರೆಲ್ಲ ನೋಡುತ್ತಿದ್ದರು. ನಾನು ನಿನ್ನ ಪತ್ರ ತೆಗೆದು ಅವನ ಮುಖದ ಮುಂದೆ ಹಿಡಿದೆ. ಅವನು ನಿಂತಲ್ಲೇ ಓದಿದ, ಓದಿ ಕನ್ನಡಕ ತೆಗೆದ. ಅವಳು ಮಗು, ಅವಳಿಗೇನು ತಿಳಿಯುತ್ತದೆ ಎಂದ. ಇಡೀ ಊರಿನಲ್ಲಿ ನಮ್ಮಿಬ್ಬರಿಗಿಂತ ಹೆಚ್ಚು ತಿಳಿದವಳು ಅವಳೊಬ್ಬಳೇ ಎಂದೆ.

ಆಗ ಅವನು ಏನು ಮಾಡಿದ ಗೊತ್ತಾ? ಪಾಯಸದ ಕೊಳಗವನ್ನೂ ಸೌಟನ್ನೂ ತಂದು ನನ್ನ ಕೈಗೆ ಕೊಟ್ಟ. 'ಮನೆಯವರು ಮೊದಲು ಕೂತು ಉಣ್ಣುದು ಎಲ್ಲಿ ಉಂಟು? ಬಂದವರಿಗೆ ಬಡಿಸು' ಎಂದ.

ಪ್ರೇಮಾ, ಆ ಮಾತು ಕೇಳಿ ನನಗೆ ಎಷ್ಟು ಸಂತೋಷವಾಯಿತು ಎಂದರೆ ಎರಡು ಸಾಲಿಗೆ ಬಡಿಸುವವರೆಗೆ ನನಗೆ ಕಣ್ಣು ಸರಿಯಾಗಿ ಕಾಣಲಿಲ್ಲ. ಒಬ್ಬರ ಹಪ್ಪಳದ ಮೇಲೆ ಪಾಯಸ ಹೊಯ್ದೆ. ತೀರ್ಥರಾಮಣ್ಣನ ಎಲೆಯ ಹತ್ತಿರ ಬಂದಾಗ, ನೀನು ಕೂರುವುದಿಲ್ಲವೇ ಎಂದು ಅವರು ಕೇಳಿದರು. ನಾನು ಮನೆಯವ, ಕೊನೆಗೆ ಒಳಗೆ ಊಟ ಎಂದೆ. ಚಪ್ಪರಕ್ಕೆಲ್ಲ ಕೇಳುವ ಹಾಗೆ ಹೇಳಿದೆ. ನನ್ನ ದನಿ ನಿನಗೆ ಗೊತ್ತಲ್ಲ. ಸಾಲಿನಲ್ಲಿ ಎಲ್ಲರ ಕೈಯೂ ನಿಂತಿತು. ತೀರ್ಥರಾಮಣ್ಣ ಎಲೆ ನೋಡುತ್ತಾ ಕೂತರು. ನಿನ್ನ ವೀಳ್ಯ ಅಲ್ಲಿಯೇ ಹೋಯಿತು ಎಂದುಕೊಂಡೆ. ನೀನು ಬರೆದದ್ದು ನೆನಪಾಗಿ ಸೌಟು ಗಟ್ಟಿಯಾಗಿ ಹಿಡಿದು ಮುಂದಿನ ಎಲೆಗೆ ಹೋದೆ.

ಎಲ್ಲರದ್ದೂ ಮುಗಿದ ಮೇಲೆ ಒಳಗೆ ಹೋದೆವು. ರುಖಿಯಮ್ಮ ಒಂದು ದೊಡ್ಡ ತಟ್ಟೆಯಲ್ಲಿ ತುಪ್ಪದ ಅನ್ನ, ಪತ್ತಿರಿ, ಕೋಳಿಸಾರು ಇಟ್ಟಳು. ನಾನೂ ಮಮ್ಮುವೂ ಆಚೆ ಈಚೆ ಕೂತು ಒಂದೇ ತಟ್ಟೆಗೆ ಕೈ ಹಾಕಿದೆವು. ಪಾತು ಮದುಮಗಳ ಬಟ್ಟೆಯಲ್ಲಿಯೇ ಬಾಗಿಲಿನ ಹತ್ತಿರ ಬಂದು ನಮ್ಮನ್ನು ನೋಡಿ ಅತ್ತಳು, ನಕ್ಕಳು, ಇದನ್ನು ಪ್ರೇಮನಿಗೆ ಇವತ್ತೇ ಬರೆಯಬೇಕು ಎಂದಳು. ನಾನು ಬರೆಯುತ್ತೇನೆ, ನೀನು ಗಂಡನ ಜೀಪು ಹತ್ತು ಎಂದೆ.

ಅವಳು ಸರಿದ ಮೇಲೆ ಬಾಗಿಲಿನಲ್ಲಿ ಇನ್ನೊಬ್ಬರು ನಿಂತದ್ದು ಕಂಡಿತು. ತೀರ್ಥರಾಮಣ್ಣ. ಶಾಲು ಹೆಗಲ ಮೇಲೆ, ತೊಳೆದ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಮ್ಮು ಗಾಬರಿಯಾಗಿ ಏಳಲು ಹೊರಟ. ನಾನು ಅವನ ಮೊಣಕಾಲು ಒತ್ತಿ ಹಿಡಿದೆ, ತಟ್ಟೆಯಿಂದ ಕೈ ತೆಗೆಯಲಿಲ್ಲ. ಊರಗೌಡರು ನನ್ನನ್ನು ನೋಡಿದರು, ತಟ್ಟೆಯನ್ನು ನೋಡಿದರು, ಆಮೇಲೆ ಒಂದು ಸಲ ಉದ್ದಕ್ಕೆ ಉಸಿರೆಳೆದರು.

'ಹೋದ ಮದುವೆಯಲ್ಲೂ ಇದೇ ಪರಿಮಳ ಬರ್ತಿತ್ತು ಬೆಳ್ಯಪ್ಪ' ಎಂದರು. 'ನೀನು ಪಕ್ಕದಲ್ಲಿ ಇದ್ದೆ ಅಂತ ನಾನು ಒಳಗೆ ಬರಲಿಲ್ಲ, ನೀನು ಎದ್ದು ಹೋದ ಮೇಲೂ ಆ ಸಾರನ್ನವನ್ನೇ ಉಂಡೆ. ಇಲ್ಲಿ ಇನ್ನೊಬ್ಬನಿಗೆ ಜಾಗ ಉಂಟಾ?'

ಮಮ್ಮು ಆ ಕಡೆ ಸರಿದ, ನಾನು ಈ ಕಡೆ ಸರಿದೆ. ಅವರು ನಡುವೆ ಕೂತರು.

ಹೊಟ್ಟೆ ತುಂಬಿದ ನಿನ್ನ ಅಪ್ಪ
ಬೆಳ್ಯಪ್ಪ